ಗೋಡೌನ್ ತುಂಬಿದೆ, ಕೇಳಿದ ಸಾಮಾನು ಇಲ್ಲ: ಅಂಗಡಿಯ ಸ್ಟಾಕ್ ಇಳಿಸುವುದು ಹೇಗೆ?

ಪಂಪ್, ಪೈಪ್, ಹಾರ್ಡ್‌ವೇರ್, ಎಲೆಕ್ಟ್ರಿಕಲ್ ಲೈನಿನವರು ಪದೇ ಪದೇ ಕೇಳುವ ಪ್ರಶ್ನೆ ಇದು. "ದುಡ್ಡೆಲ್ಲ ಸ್ಟಾಕಿನಲ್ಲಿ ಸಿಕ್ಕಿಕೊಂಡಿದೆ. ಆದರೂ ದಿನಾ ಒಬ್ಬಿಬ್ಬರು ಗಿರಾಕಿ ಬರಿಗೈಲಿ ವಾಪಸ್ ಹೋಗ್ತಾರೆ. ಎಲ್ಲಿಂದ ಶುರು ಮಾಡಲಿ?"

ಎರಡಕ್ಕೂ ಕಾರಣ ಒಂದೇ, ಆರ್ಡರ್ ಹಾಕುವ ರೀತಿ. ಅದನ್ನು ಮುಟ್ಟದೆ "ಎಲ್ಲಾ ಸಾಮಾನೂ 20% ಕಡಿಮೆ ತರಿಸೋಣ" ಎಂದು ಹೊರಟರೆ ಓಡುವ ಸಾಮಾನು ಮೊದಲು ಖಾಲಿಯಾಗುತ್ತದೆ. ಓಡದ್ದು ಇದ್ದಲ್ಲೇ ಇರುತ್ತದೆ. ವ್ಯಾಪಾರ ಬಿತ್ತು ಎಂದು ಮೂರು ತಿಂಗಳಲ್ಲಿ ಮತ್ತೆ ಹಳೇ ಲೆಕ್ಕಕ್ಕೇ ಬರುತ್ತೀರಿ.

ಕೆಳಗಿನ ಉದಾಹರಣೆಗೆ ಜಿಲ್ಲಾ ಕೇಂದ್ರದ ಒಂದು ಪಂಪ್-ಪೈಪ್ ಅಂಗಡಿ ಇಟ್ಟುಕೊಳ್ಳೋಣ. ಪಂಪ್ ಕೊಯಮತ್ತೂರಿನಿಂದ ಬರುತ್ತದೆ, ಪೈಪು ಮತ್ತು ಫಿಟ್ಟಿಂಗ್ ಬೆಂಗಳೂರಿನ ಡಿಪೋದಿಂದ. ಅಂಕಿಗಳು ಲೆಕ್ಕ ತೋರಿಸಲು ಹಾಕಿದ್ದು, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ.

ಮೊದಲು ಕೈಯಲ್ಲಿ ಇರಬೇಕಾದ್ದು: ಕಳೆದ 12 ತಿಂಗಳ ಸಾಮಾನುವಾರು ಸೇಲ್ (ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿದ್ದರೆ ಹಾಗೇ ಎಕ್ಸೆಲ್‌ಗೆ ತೆಗೆಯಿರಿ), ಸಪ್ಲೈಯರ್‌ಗೆ ಆರ್ಡರ್ ಕೊಟ್ಟ ತಾರೀಖು, ಮಾಲು ಬಂದ ತಾರೀಖು. ಆರ್ಡರ್ ತಾರೀಖು ಬರೆದಿಟ್ಟಿಲ್ಲವೆಂದರೆ ವಾಟ್ಸಾಪ್ ಮೆಸೇಜು ಹಿಂದಕ್ಕೆ ಸರಿಸಿ ನೋಡಿ, ಸಿಕ್ಕೇ ಸಿಗುತ್ತದೆ. ಬಂದ ತಾರೀಖು ಗೋಡೌನಿನ ಇನ್‌ವರ್ಡ್ ಪುಸ್ತಕದಲ್ಲಿ ಇರುತ್ತದೆ.

1. ಎಣಿಸಿ

ಬೇಜಾರಿನ ಕೆಲಸ, ಆದರೆ ಬಿಡುವ ಹಾಗಿಲ್ಲ. ಪುಸ್ತಕದಲ್ಲಿ 60 ಇದ್ದು ರ‍್ಯಾಕಿನಲ್ಲಿ 38 ಇದ್ದರೆ ಮುಂದಿನ ಯಾವ ಲೆಕ್ಕವೂ ಕೂಡುವುದಿಲ್ಲ.

ಈ ಲೈನಿನಲ್ಲಿ ತಪ್ಪಾಗುವುದು ಹೆಚ್ಚಾಗಿ ಯೂನಿಟ್‌ನಲ್ಲಿ. ಪೈಪ್ ಖರೀದಿ ಬಿಲ್ಲಿನಲ್ಲಿ ಮೀಟರ್ ಎಂದಿರುತ್ತದೆ, ಮಾರುವಾಗ ಲೆಂತ್ ಲೆಕ್ಕ. ಒಂದು ಲೆಂತ್ ಸಾಮಾನ್ಯವಾಗಿ 6 ಮೀಟರ್, ಆದರೆ 3 ಮೀಟರಿನದೂ ಬರುತ್ತದೆ. ಎಲ್ಬೋ ಬಾಕ್ಸ್ ಲೆಕ್ಕದಲ್ಲಿ ಬಂದು ಬಿಡಿಬಿಡಿಯಾಗಿ ಹೋಗುತ್ತದೆ. ಒಂದು ಸಾಮಾನಿಗೆ ಒಂದೇ ಯೂನಿಟ್ ಎಂದು ಇವತ್ತೇ ಗೊತ್ತು ಮಾಡಿ. ಒಂದೇ ಸಾಮಾನು "ಬಾಲ್ ವಾಲ್ವ್ 1 ಇಂಚು", "ಬಿವಿ 25 ಎಂಎಂ" ಎಂದು ಎರಡು ಹೆಸರಲ್ಲಿ ಕೂತಿದ್ದರೆ ಅದನ್ನೂ ಒಂದು ಮಾಡಿ.

ಅಂಗಡಿ ಮುಚ್ಚಿ ಒಂದೇ ದಿನ ಎಲ್ಲಾ ಎಣಿಸಬೇಕಿಲ್ಲ. ದಿನಕ್ಕೊಂದು ರ‍್ಯಾಕ್ ಎಣಿಸಿ ಮುಗಿಸಿ, ಆಮೇಲೂ ಅದನ್ನೇ ರೂಢಿ ಮಾಡಿಕೊಳ್ಳಿ.

2. ಎಷ್ಟು ದುಡ್ಡು, ಎಷ್ಟು ದಿನ ಕೂತಿದೆ ನೋಡಿ

ವರ್ಷದಲ್ಲಿ ಮಾರಿದ ಮಾಲಿನ ಖರೀದಿ ಬೆಲೆಯನ್ನು ಸರಾಸರಿ ಸ್ಟಾಕಿನಿಂದ ಭಾಗಿಸಿ. ನಮ್ಮ ಅಂಗಡಿ ವರ್ಷಕ್ಕೆ 1.6 ಕೋಟಿಯ ಮಾಲು ಮಾರುತ್ತದೆ, ಸ್ಟಾಕ್ 40 ಲಕ್ಷ. ಅಂದರೆ ಸ್ಟಾಕ್ ವರ್ಷಕ್ಕೆ 4 ಸಲ ತಿರುಗುತ್ತದೆ, ಒಂದು ಸುತ್ತಿಗೆ ಸುಮಾರು 91 ದಿನ. ಇದನ್ನೇ ಸ್ಟಾಕ್ ಟರ್ನ್ ಎನ್ನುವುದು.

ಇಲ್ಲಿ ಎರಡು ಕಡೆ ಹುಷಾರಾಗಿರಿ. ಸೇಲ್ ಮೊತ್ತವನ್ನು ಮಾರಾಟದ ಬೆಲೆಯಲ್ಲಿ ಹಿಡಿದರೆ ಟರ್ನ್ ಸುಮ್ನೆ ಚೆನ್ನಾಗಿ ಕಾಣುತ್ತದೆ. ಮತ್ತೆ, ಮಾರ್ಚ್ 31ರ ಸ್ಟಾಕ್ ಒಂದನ್ನೇ ಹಿಡಿಯಬೇಡಿ. ವರ್ಷಾಂತ್ಯದ ಟಾರ್ಗೆಟ್ ಮುಟ್ಟಿಸಲು ಆ ವಾರ ಮಾಲು ತುಂಬಿಸಿರುತ್ತೀರಿ, ಇಲ್ಲಾ ಖಾಲಿ ಮಾಡಿರುತ್ತೀರಿ. 12 ತಿಂಗಳ ಕೊನೆಯ ಸ್ಟಾಕ್ ಕೂಡಿ 12ರಿಂದ ಭಾಗಿಸಿ.

ಈಗ ಖರ್ಚು. ಬ್ಯಾಂಕ್ ಬಡ್ಡಿ 11%, ಗೋಡೌನ್ ಬಾಡಿಗೆ ಮತ್ತು ಹಮಾಲಿ 4%, ಒಡೆದದ್ದು, ಬಣ್ಣ ಹೋದದ್ದು, ಹಳೇ ಮಾಡೆಲ್ ಆದದ್ದು 3% ಎಂದಿಟ್ಟುಕೊಂಡರೆ ಒಟ್ಟು 18%. 40 ಲಕ್ಷಕ್ಕೆ ವರ್ಷಕ್ಕೆ 7.2 ಲಕ್ಷ. ಬಾಡಿಗೆ ನಾಳೆಯೇ ಇಳಿಯುವುದಿಲ್ಲ, ನಿಜ. ಬರೀ ಬಡ್ಡಿ ಹಿಡಿದರೂ 4.4 ಲಕ್ಷ ಆಯಿತು. ಸ್ವಂತ ದುಡ್ಡು ಹಾಕಿದ್ದೇನೆ, ನನಗೆ ಬಡ್ಡಿ ಇಲ್ಲ ಎನ್ನುವವರು ಆ ದುಡ್ಡನ್ನು ಬೇರೆ ಕಡೆ ಇಟ್ಟಿದ್ದರೆ ಏನು ಬರುತ್ತಿತ್ತು ಎಂದು ನೋಡಿಕೊಳ್ಳಿ. 18% ಅಂದರೆ ತಿಂಗಳಿಗೆ 1.5%. ಈ ಅಂಕಿ ಮುಂದೆ ಬೇಕಾಗುತ್ತದೆ.

3. ಸಾಮಾನನ್ನು ಗುಂಪು ಮಾಡಿ

ಪ್ರತಿ ಸಾಮಾನಿನ ವರ್ಷದ ಮಾರಾಟವನ್ನು ರೂಪಾಯಿಯಲ್ಲಿ ಹಾಕಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಮೊದಲ 70-75% ವ್ಯಾಪಾರ ತರುವವು ಎ ಗುಂಪು, ಮುಂದಿನ 20% ಬಿ, ಉಳಿದದ್ದು ಸಿ. ಎ ಗುಂಪಿನ ಸಾಮಾನುಗಳ ಸಂಖ್ಯೆ ತೀರಾ ಕಡಿಮೆ ಇರುತ್ತದೆ. ನಿಮ್ಮ ತಲೆ ಓಡಬೇಕಾದ್ದು ಅಲ್ಲಿ.

ಆಮೇಲೆ ಪಕ್ಕದ ಕಾಲಮ್ಮಿನಲ್ಲಿ ಕೊನೆಯ ಬಿಲ್ಲಿನ ತಾರೀಖು ಹಾಕಿ. 6 ತಿಂಗಳಿಂದ ಒಂದೂ ಹೋಗದ್ದಕ್ಕೆ ನಾನ್-ಮೂವಿಂಗ್ ಎಂದು ಗುರುತು ಮಾಡಿ. ಸೀಸನ್ ಸಾಮಾನಿಗೆ ಮಾತ್ರ ಒಂದು ವರ್ಷ ನೋಡಿ.

ಇಷ್ಟಕ್ಕೇ ನಿಲ್ಲಿಸಿದರೆ ಒಂದು ತೊಂದರೆ ಇದೆ. ಮೋಟರ್ ಕೆಪಾಸಿಟರ್, ಸ್ಟಾರ್ಟರಿನ ರಿಲೇ ಇಂಥವು ರೂಪಾಯಿ ಲೆಕ್ಕದಲ್ಲಿ ಸಿ ಗುಂಪಿಗೆ ಬೀಳುತ್ತವೆ. ಆದರೆ ಮೋಟರ್ ನಿಂತು ತೋಟ ಒಣಗುತ್ತಿರುವ ರೈತ ಅದಕ್ಕಾಗಿ ಬಂದು, ಇಲ್ಲ ಎಂದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ. ಮುಂದಿನ ಪಂಪೂ ಅಲ್ಲೇ ಕೊಳ್ಳುತ್ತಾನೆ. ಇಂಥ ಸಾಮಾನಿಗೆ ನಕ್ಷತ್ರ ಹಾಕಿ, ಅದರ ಸ್ಟಾಕ್ ಕಡಿತ ಮಾಡಬೇಡಿ. ಇಟ್ಟರೂ ಎಷ್ಟು ದುಡ್ಡು ಹೋಗುತ್ತದೆ?

4. ಬರುವುದನ್ನು ಮೊದಲು ನಿಲ್ಲಿಸಿ

ಡೆಡ್ ಸ್ಟಾಕ್, ಅಂದರೆ ಓಡದೆ ಕೂತ ಮಾಲು, ಮಾರುವುದರಿಂದ ಶುರು ಮಾಡುವವರೇ ಜಾಸ್ತಿ. ನನ್ನ ಪ್ರಕಾರ ಅದು ಆಮೇಲಿನ ಕೆಲಸ. ಮೊದಲು ಕೊಟ್ಟಿರುವ ಆರ್ಡರುಗಳ ಪಟ್ಟಿ ತೆಗೆಯಿರಿ. ಮೂರು ತಿಂಗಳ ಸೇಲಿಗಿಂತ ಜಾಸ್ತಿ ಕೈಯಲ್ಲಿರುವ ಸಾಮಾನು ಅದರಲ್ಲಿದ್ದರೆ ಸಪ್ಲೈಯರ್‌ಗೆ ಫೋನ್ ಮಾಡಿ ಕ್ಯಾನ್ಸಲ್ ಮಾಡಿ, ಇಲ್ಲವೇ ಅದೇ ಮೊತ್ತಕ್ಕೆ ಓಡುವ ಸೈಜ್ ಕಳಿಸಲು ಹೇಳಿ. ಲೋಡ್ ಆಗುವ ಮುಂಚೆ ಒಂದು ಫೋನಿನಲ್ಲಿ ಮುಗಿಯುವ ಕೆಲಸ ಅದು. ಗೋಡೌನಿಗೆ ಬಂದ ಮೇಲೆ ವರ್ಷಗಟ್ಟಲೆ ತಲೆನೋವು.

5. ಯಾವಾಗ ಆರ್ಡರ್ ಹಾಕಬೇಕು?

ಇದೇ ಮುಖ್ಯ ಹಂತ. ಸ್ವಲ್ಪ ನಿಧಾನವಾಗಿ ಓದಿ.

ಪ್ರತಿ ಎ ಮತ್ತು ಬಿ ಸಾಮಾನಿಗೆ ಒಂದು ಮಟ್ಟ ಇರಬೇಕು. ಸ್ಟಾಕ್ ಅಲ್ಲಿಗೆ ಇಳಿದ ತಕ್ಷಣ ಆರ್ಡರ್ ಹೋಗಬೇಕು. ಇದಕ್ಕೆ ರೀಆರ್ಡರ್ ಲೆವೆಲ್ ಎನ್ನುತ್ತಾರೆ. ಆರ್ಡರ್ ಹಾಕಿ ಮಾಲು ಬರುವವರೆಗಿನ ದಿನಗಳು ಲೀಡ್ ಟೈಮ್. ಆ ದಿನಗಳಲ್ಲಿ ಮಾರುವಷ್ಟು, ಜೊತೆಗೆ ಹೆಚ್ಚುಕಮ್ಮಿಗೆ ಒಂದಿಷ್ಟು ಇದ್ದರೆ ಸಾಕು. ಆ ಹೆಚ್ಚುಕಮ್ಮಿಯ ಸ್ಟಾಕೇ ಸೇಫ್ಟಿ ಸ್ಟಾಕ್.

1 ಇಂಚಿನ ಬಾಲ್ ವಾಲ್ವ್ ತಗೊಳ್ಳಿ. ದಿನಕ್ಕೆ ಸರಾಸರಿ 6 ಹೋಗುತ್ತದೆ. ಲೀಡ್ ಟೈಮ್ ಸರಾಸರಿ 7 ದಿನ. ಆ 7 ದಿನಕ್ಕೆ 42 ಬೇಕು.

ಸೇಫ್ಟಿ ಸ್ಟಾಕಿಗೆ ಸುಲಭದ ದಾರಿ ಒಂದಿದೆ. ಅತಿ ಹೆಚ್ಚು ಸೇಲಾದ ದಿನದ ಲೆಕ್ಕ (9) ಗುಣಿಸು ಅತಿ ತಡವಾಗಿ ಬಂದ ದಿನ (12), ಅಂದರೆ 108. ಅದರಲ್ಲಿ 42 ಕಳೆದರೆ ಸೇಫ್ಟಿ ಸ್ಟಾಕ್ 66. ಎಣಿಕೆ ಸುಲಭ, ಆದರೆ ಕೆಟ್ಟ ದಿನಗಳೆಲ್ಲ ಒಟ್ಟಿಗೇ ಬರುತ್ತವೆ ಎಂದು ಹೆದರಿ ಹಾಕಿದ ಲೆಕ್ಕ ಅದು. ಸ್ಟಾಕ್ ಉಬ್ಬುವುದು ಇಲ್ಲೇ.

ಎಕ್ಸೆಲ್ ಬರುತ್ತದೆ ಎಂದರೆ ಇನ್ನೊಂದು ದಾರಿ ಹಿಡಿಯಿರಿ. ದಿನದ ಸೇಲ್ ಸರಾಸರಿಯಿಂದ ಎಷ್ಟು ಆಚೀಚೆ ಆಗುತ್ತದೆ, ಲೀಡ್ ಟೈಮ್ ಎಷ್ಟು ಆಚೀಚೆ ಆಗುತ್ತದೆ ಎಂಬುದನ್ನು ಎಸ್‌ಟಿಡಿಇವಿ (STDEV) ಎಂಬ ಎಕ್ಸೆಲ್ ಫಾರ್ಮುಲಾ ಹೇಳುತ್ತದೆ. ಸೇಲಿನ ಏರಿಳಿತ 2, ಲೀಡ್ ಟೈಮಿನ ಏರಿಳಿತ 2 ದಿನ ಎಂದು ಬಂತು ಅನ್ನಿ. ಆಗ:

ಲೀಡ್ ಟೈಮ್ 7 × ಸೇಲಿನ ಏರಿಳಿತ (2 × 2) = 28
ದಿನದ ಸೇಲ್ (6 × 6) × ಲೀಡ್ ಟೈಮಿನ ಏರಿಳಿತ (2 × 2) = 144
ಎರಡೂ ಕೂಡಿ 172. ಅದರ ವರ್ಗಮೂಲ 13.1. ಅದನ್ನು 1.65ರಿಂದ ಗುಣಿಸಿದರೆ ಸುಮಾರು 22.

1.65 ಅಂದರೆ, 100 ಸಲ ಮಾಲಿಗೆ ಕಾದರೆ 95 ಸಲ ಖಾಲಿಯಾಗದಂತೆ ನೋಡಿಕೊಳ್ಳುವ ಗುಣಕ. ಇನ್ನೂ ಧೈರ್ಯ ಬೇಕಾದರೆ 2 ಹಾಕಿ. ಒಟ್ಟು ರೀಆರ್ಡರ್ ಲೆವೆಲ್ 42 + 22 = 64. ಹೆದರಿಕೆಯ ಲೆಕ್ಕದಲ್ಲಿ 108 ಇತ್ತು, ಅಲ್ವಾ?

ಈಗ ಆ 28 ಮತ್ತು 144 ಮತ್ತೊಮ್ಮೆ ನೋಡಿ. ಗಿರಾಕಿಯ ಏರಿಳಿತದಿಂದ ಬಂದದ್ದು 28 ಮಾತ್ರ. 144 ಬಂದದ್ದು ಸಪ್ಲೈಯರ್ ಒಮ್ಮೆ 5 ದಿನಕ್ಕೆ, ಒಮ್ಮೆ 9 ದಿನಕ್ಕೆ ಕಳಿಸುವುದರಿಂದ. ನೀವು ಗಿರಾಕಿಗೆ ಹೆದರಿ ಸ್ಟಾಕ್ ಇಟ್ಟಿದ್ದೇನೆ ಅಂದುಕೊಂಡಿರುತ್ತೀರಿ, ನಿಜವಾಗಿ ಇಟ್ಟಿರುವುದು ಲಾರಿಗೆ ಹೆದರಿ. ಅದೇ ಸಪ್ಲೈಯರ್ ಒಂದು ದಿನ ಆಚೀಚೆಯಲ್ಲಿ ಕಳಿಸುವಂತಾದರೆ 28 + 36 = 64, ವರ್ಗಮೂಲ 8, ಸೇಫ್ಟಿ ಸ್ಟಾಕ್ 14 ಸಾಕು. ಮಾಲು ಬೇಗ ಬರಬೇಕೆಂದಿಲ್ಲ, ಹೇಳಿದ ದಿನ ಬಂದರೆ ಸಾಕು.

ಈ ಹಂತದಲ್ಲಿ ಎಡವುವ ಜಾಗಗಳು:

- ಲೆವೆಲ್‌ಗೆ ಹೋಲಿಸುವಾಗ ರ‍್ಯಾಕಿನಲ್ಲಿರುವುದನ್ನು ಮಾತ್ರ ನೋಡಬೇಡಿ, ಆರ್ಡರ್ ಹಾಕಿ ದಾರಿಯಲ್ಲಿರುವುದನ್ನೂ ಕೂಡಿ. ಮರೆತರೆ ಒಂದೇ ಸಾಮಾನಿಗೆ ಎರಡು ಸಲ ಆರ್ಡರ್ ಹೋಗುತ್ತದೆ. ಅಪ್ಪ ಒಂದು ಕಡೆ, ಮಗ ಒಂದು ಕಡೆ ಆರ್ಡರ್ ಕೊಡುವ ಅಂಗಡಿಗಳಲ್ಲಂತೂ ಇದು ಮಾಮೂಲಿ.
- ಜಲ ಜೀವನ್ ಮಿಷನ್ ಕೆಲಸದ ಕಂಟ್ರಾಕ್ಟರ್ ಒಬ್ಬರು ಒಂದೇ ದಿನ 300 ವಾಲ್ವ್ ಒಯ್ದಿದ್ದರೆ ಅದನ್ನು ಸರಾಸರಿಯಿಂದ ತೆಗೆದುಬಿಡಿ. ಅಂಥ ದೊಡ್ಡ ಆರ್ಡರಿಗೆ ಅಡ್ವಾನ್ಸ್ ತಗೊಂಡು ಬೇರೆಯೇ ತರಿಸಿ.
- ಬಿಲ್ಲಿನಲ್ಲಿ ಕಾಣುವುದು ಮಾರಿದ್ದು, ಕೇಳಿದ್ದಲ್ಲ. ಹತ್ತು ದಿನ ಖಾಲಿಯಿದ್ದ ಸಾಮಾನಿನ ಸೇಲ್ ಕಡಿಮೆಯೇ ತೋರಿಸುತ್ತದೆ. ಕೌಂಟರಿನಲ್ಲಿ ಒಂದು ನೋಟ್‌ಬುಕ್ ಇಡಿ, "ಇಲ್ಲ" ಎಂದು ಹೇಳಿದಾಗಲೆಲ್ಲ ಹುಡುಗರು ಸಾಮಾನು, ಸೈಜ್, ತಾರೀಖು ಗೀಚಿಡಲಿ.
- ತಿಂಗಳಿಗೆ ಒಂದೋ ಎರಡೋ ಹೋಗುವ ಸಾಮಾನಿಗೆ ಈ ಫಾರ್ಮುಲಾ ಬೇಡ. ಒಂದು ಇಟ್ಟುಕೊಂಡು, ಹೋದ ಮೇಲೆ ಇನ್ನೊಂದು ತರಿಸಿ. 15 ಎಚ್‌ಪಿ ಪಂಪಿನಂಥದ್ದನ್ನು ಗಿರಾಕಿ ಕೇಳಿದ ಮೇಲೆ ತರಿಸಿದರೂ ನಡೆಯುತ್ತದೆ.

ಎಲ್ಬೋ, ಟೀ, ಟೆಫ್ಲಾನ್ ಟೇಪ್‌ನಂಥ ಸಿ ಗುಂಪಿಗೆ ಲೆಕ್ಕವೇ ಬೇಡ. ಎರಡು ಡಬ್ಬ ಇಡಿ. ಮುಂದಿನ ಡಬ್ಬ ಖಾಲಿಯಾದರೆ ಆರ್ಡರ್, ಹಿಂದಿನದರಿಂದ ಮಾರಾಟ. ಖಾಲಿ ಡಬ್ಬವನ್ನು ಆರ್ಡರ್ ಬರೆಯುವವರ ಮೇಜಿನ ಮೇಲೆ ಇಟ್ಟುಬಿಟ್ಟರೆ ಮರೆಯುವ ಮಾತೇ ಇಲ್ಲ.

6. ಒಂದು ಸಲಕ್ಕೆ ಎಷ್ಟು ತರಿಸಬೇಕು?

ಸರಾಸರಿ ಸ್ಟಾಕ್ ಅಂದರೆ ಒಂದು ಆರ್ಡರಿನ ಅರ್ಧ, ಜೊತೆಗೆ ಸೇಫ್ಟಿ ಸ್ಟಾಕ್. ತಿಂಗಳಿಗೊಮ್ಮೆ 150 ವಾಲ್ವ್ ತರಿಸಿದರೆ 75 + 22 = 97. ತಿಂಗಳಿಗೆ ಎರಡು ಸಲ 72-75 ತರಿಸಿದರೆ 60ಕ್ಕಿಂತ ಕಡಿಮೆ. ಮೇಲೆ ಹೇಳಿದ ಹಾಗೆ ಸಪ್ಲೈಯರ್ ದಿನ ತಪ್ಪಿಸದಿದ್ದರೆ ಸುಮಾರು 50. ಅದೇ ಸೇಲಿಗೆ ಸ್ಟಾಕ್ ಹತ್ತಿರ ಹತ್ತಿರ ಅರ್ಧ. ಆರ್ಡರ್ ಸಲ ಹೆಚ್ಚಾದಾಗ ಖಾಲಿಯಾಗುವ ಸಂದರ್ಭವೂ ಸ್ವಲ್ಪ ಹೆಚ್ಚುತ್ತದೆ. ಎ ಗುಂಪಿಗೆ 1.65ರ ಬದಲು 2 ಹಾಕಿದರೆ ಅದು ಸರಿಹೋಗುತ್ತದೆ.

ಹಾಗಂತ ದಿನಾ ತರಿಸಿದರೆ ಲಾರಿ ಬಾಡಿಗೆ ಯಾರು ಕೊಡೋದು? ಇದಕ್ಕೆ ಒಂದು ಹಳೇ ಸೂತ್ರ ಇದೆ. ಅಮೆರಿಕದ ಎಂಜಿನಿಯರ್ ಫೋರ್ಡ್ ಹ್ಯಾರಿಸ್ 1913ರಲ್ಲಿ ಬರೆದದ್ದು, ಇಕನಾಮಿಕ್ ಆರ್ಡರ್ ಕ್ವಾಂಟಿಟಿ ಎನ್ನುತ್ತಾರೆ. ವರ್ಷದ ಸೇಲ್ (1800) ಗುಣಿಸು ಒಂದು ಆರ್ಡರಿನ ಖರ್ಚು, ಅದರ ಎರಡರಷ್ಟು. ಅದನ್ನು ಒಂದು ಸಾಮಾನನ್ನು ವರ್ಷ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ವಾಲ್ವ್ ಬೆಲೆ 200 ರೂಪಾಯಿ ಆದರೆ ಇಟ್ಟುಕೊಳ್ಳುವ ಖರ್ಚು 18% ಲೆಕ್ಕದಲ್ಲಿ 36. ವಾಲ್ವಿಗೆಂದೇ ಪ್ರತ್ಯೇಕ ಆರ್ಡರ್ ಹಾಕಿ ಸಾಗಣೆ, ಇಳಿಸುವ ಕೂಲಿ ಸೇರಿ 300 ಖರ್ಚಾದರೆ ಉತ್ತರ 173. ಅದೇ ಡಿಪೋದ ಬೇರೆ ಸಾಮಾನಿನ ಜೊತೆ ಸೇರಿಸಿ ಹಾಕಿ, ವಾಲ್ವಿನ ಪಾಲಿಗೆ 50 ಮಾತ್ರ ಬಿದ್ದರೆ ಉತ್ತರ 71.

ನೋಡಿದಿರಾ? ಸಾಮಾನುವಾರು ಆರ್ಡರ್ ಬಿಟ್ಟು ಸಪ್ಲೈಯರ್‌ವಾರು ಆರ್ಡರ್ ಶುರು ಮಾಡಿದರೆ ಚಿಕ್ಕ ಆರ್ಡರೂ ಗಿಟ್ಟುತ್ತದೆ. ಸೋಮವಾರ ಪೈಪ್ ಡಿಪೋ, ಗುರುವಾರ ಕೊಯಮತ್ತೂರು, ಹೀಗೆ ವಾರ ನಿಗದಿ ಮಾಡಿ. ಆ ದಿನ ಲೆವೆಲ್‌ಗೆ ಇಳಿದ ಎಲ್ಲವೂ ಒಂದೇ ಆರ್ಡರಿನಲ್ಲಿ ಹೋಗಲಿ. ವಾರಕ್ಕೊಮ್ಮೆಯೇ ನೋಡುವುದಾದರೆ ಮಾತ್ರ ರೀಆರ್ಡರ್ ಲೆವೆಲ್‌ಗೆ ಕೆಲವು ದಿನದ ಸೇಲ್ ಜಾಸ್ತಿ ಸೇರಿಸಿ, ಏಕೆಂದರೆ ಮಂಗಳವಾರ ಇಳಿದದ್ದು ನಿಮ್ಮ ಕಣ್ಣಿಗೆ ಬೀಳುವುದು ಮುಂದಿನ ಸೋಮವಾರ.

ಸ್ಕೀಮ್ ವಿಷಯಕ್ಕೆ ಬರೋಣ, ಏಕೆಂದರೆ ಹೆಚ್ಚಿನ ಗೋಡೌನುಗಳು ತುಂಬುವುದು ಇದರಿಂದ. "ಮೂರು ತಿಂಗಳ ಮಾಲು ಒಟ್ಟಿಗೆ ಎತ್ತಿ, 4% ಎಕ್ಸ್‌ಟ್ರಾ" ಎನ್ನುತ್ತಾರೆ ಸೇಲ್ಸ್‌ಮನ್. ಎಲ್ಲಾ ಸ್ಕೀಮೂ ಮೋಸ ಎನ್ನುವ ಮಾತು ನಾನು ಒಪ್ಪುವುದಿಲ್ಲ. ಲೆಕ್ಕ ಹಾಕಿ: ತಿಂಗಳಿನಿಂದ 1 ಕಳೆದು, 2ರಿಂದ ಭಾಗಿಸಿ, 1.5%ರಿಂದ ಗುಣಿಸಿ. ಮೂರು ತಿಂಗಳಿಗೆ 1.5%. 4% ಸಿಕ್ಕರೆ ಲಾಭವೇ, ಎತ್ತಿ. ಅದೇ 4%ಗೆ ಎಂಟು ತಿಂಗಳ ಮಾಲು ಎತ್ತಿದರೆ ಖರ್ಚು 5.25%, ನಷ್ಟ.

ಮೋಸ ಇರುವುದು ಬೇರೆ ಕಡೆ. ಸ್ಲ್ಯಾಬ್, ಅಂದರೆ ಸ್ಕೀಮಿಗೆ ಬೇಕಾದ ಖರೀದಿ ಮೊತ್ತ, ಮುಟ್ಟಿಸಲು ಓಡದ ಸೈಜುಗಳನ್ನು ಜೊತೆಗೆ ತುರುಕುತ್ತಾರೆ. ಒಟ್ಟು ಬಿಲ್ಲಿಗೆ ಮೂರು ತಿಂಗಳು ಎಂದು ಕಂಡರೂ ಸಾಮಾನುವಾರು ನೋಡಿದರೆ 1 ಇಂಚಿನದು ಒಂದೂವರೆ ತಿಂಗಳಿಗೆ, 4 ಇಂಚಿನದು ಎರಡು ವರ್ಷಕ್ಕೆ ಆಗುವಷ್ಟು ಇರುತ್ತದೆ. ಸ್ಕೀಮಿನ ಲೆಕ್ಕವನ್ನು ಯಾವತ್ತೂ ಸಾಮಾನುವಾರು ಹಾಕಿ.

ಪಿವಿಸಿ ಪೈಪಿನ ರೇಟು ಕಚ್ಚಾ ರೆಸಿನ್ ರೇಟಿನ ಜೊತೆ ಏರಿಳಿಯುತ್ತದೆ. ರೇಟ್ ಏರುತ್ತದೆಂದು ಎತ್ತಿಡುವುದಿದ್ದರೆ ಎತ್ತಿಡಿ, ಆದರೆ ಪುಸ್ತಕದಲ್ಲಿ ಅದನ್ನು ಬೇರೆ ಬರೆಯಿರಿ, ಯಾವ ತಾರೀಖಿಗೆ ಮಾರಿಬಿಡುತ್ತೇನೆ ಎನ್ನುವುದನ್ನೂ ಬರೆಯಿರಿ. ಬಿಸಿಲಿಗೆ ಬಿದ್ದ ಪೈಪ್ ಬಣ್ಣ ಹೋಗಿ ಬಾಗಿದರೆ ರೇಟ್ ಏರಿ ಏನು ಬಂತು?

7. ಸಪ್ಲೈಯರ್ ಜೊತೆ ಕೂತು ಮಾತಾಡಿ

144 ಅಂಕಿ ನೆನಪಿದೆಯಲ್ಲ, ಅದನ್ನು ಇಳಿಸುವ ಕೆಲಸ ಇದು. ಹಿಂದಿನ ಆರು ತಿಂಗಳ ಆರ್ಡರ್ ತಾರೀಖು, ಎಲ್‌ಆರ್ (ಲಾರಿ ರಸೀದಿ) ತಾರೀಖು, ಬಂದ ತಾರೀಖು ಒಂದು ಹಾಳೆಯಲ್ಲಿ ಬರೆದು ಮುಂದಿಡಿ. ತಡ ಆಗುತ್ತಿರುವುದು ಡಿಪೋದಲ್ಲೋ ಟ್ರಾನ್ಸ್‌ಪೋರ್ಟ್‌ನಲ್ಲೋ ಎಂದು ಅದರಲ್ಲೇ ಗೊತ್ತಾಗುತ್ತದೆ. ಎಷ್ಟೋ ಸಲ ಪಾರ್ಸೆಲ್ ಲಾರಿ ತುಂಬುವವರೆಗೆ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲೇ ಬಿದ್ದಿರುತ್ತದೆ. ಅದಕ್ಕೆ ಡಿಪೋದವರನ್ನು ಬೈದು ಪ್ರಯೋಜನ ಇಲ್ಲ, ಟ್ರಾನ್ಸ್‌ಪೋರ್ಟ್ ಬದಲಿಸಬೇಕು.

ನಿಮ್ಮ ಕಡೆಯಿಂದ ಎರಡು ಕೊಡಬೇಕು: ಆರ್ಡರಿಗೆ ನಿಗದಿ ದಿನ, ಪೇಮೆಂಟಿಗೆ ನಿಗದಿ ದಿನ. ಉದ್ರಿ ಎಳೆದಾಡುವವರಿಗೆ ಮಾಲು ಕೊನೆಗೆ ಲೋಡ್ ಆಗುತ್ತದೆ, ಇದು ಎಲ್ಲರಿಗೂ ಗೊತ್ತಿರುವ ವಿಷಯ.

ಇನ್ನೊಂದು ಮಾತು. ನಿಮ್ಮ ನಿಜವಾದ ಸೇಲ್ ಎಷ್ಟು ಎಂದು ಅವರಿಗೆ ತಿಳಿಸಿ. ಅವರಿಗೆ ಕಾಣುವುದು ನಿಮ್ಮ ಆರ್ಡರ್ ಮಾತ್ರ. ಬೇಸಿಗೆ ಜೋರಾಗಿದೆ ಎಂದು ನೀವು ಎರಡರಷ್ಟು ಹಾಕುತ್ತೀರಿ, ಅದನ್ನು ನೋಡಿ ಡಿಸ್ಟ್ರಿಬ್ಯೂಟರ್ ಮೂರರಷ್ಟು ಹಾಕುತ್ತಾರೆ. ಗಿರಾಕಿ ಮಟ್ಟದ ಚಿಕ್ಕ ಏರಿಳಿತ ಫ್ಯಾಕ್ಟರಿ ಮುಟ್ಟುವಾಗ ದೊಡ್ಡದಾಗುತ್ತದೆ. ಇದರ ಹೆಸರು ಬುಲ್‌ವಿಪ್ ಎಫೆಕ್ಟ್. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಪ್ಯಾಂಪರ್ಸ್ ಡೈಪರ್ ವಿಷಯದಲ್ಲಿ ಇದನ್ನೇ ಕಂಡಿತ್ತು. ಮಕ್ಕಳು ಡೈಪರ್ ಬಳಸುವುದು ಒಂದೇ ಸಮ, ಆದರೆ ಕಂಪನಿಗೆ ಬರುವ ಆರ್ಡರ್ ಮಾತ್ರ ಕುಣಿಯುತ್ತಿತ್ತು.

8. ಈಗ ಡೆಡ್ ಸ್ಟಾಕ್

ಈ ಕ್ರಮದಲ್ಲಿ ಪ್ರಯತ್ನಿಸಿ: ಸಪ್ಲೈಯರ್‌ಗೆ ವಾಪಸ್, ಅದೇ ಲೈನಿನ ಬೇರೆ ಊರಿನ ಅಂಗಡಿಗೆ ಬದಲಿ (ನಿಮ್ಮಲ್ಲಿ ಓಡದ ಸೈಜ್ ಅಲ್ಲಿ ಓಡಬಹುದು), ಪ್ಲಂಬರ್‌ಗಳಿಗೆ ಕಡಿಮೆ ರೇಟ್, ಕೊನೆಗೆ ಗುಜರಿ.

ವಾಪಸ್ ಕಳಿಸುವುದಾದರೆ ಬೇಗ ಮಾಡಿ. ಜಿಎಸ್‌ಟಿ ಹೊಂದಿಸಿ ಸಪ್ಲೈಯರ್ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸಿ ಕೊಡುವ ಚೀಟಿ) ಕೊಡಬೇಕಾದರೆ, ಬಿಲ್ಲಿನ ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30 ಕೊನೆ. ಅದಕ್ಕೂ ಮುಂಚೆ ಅವರು ವಾರ್ಷಿಕ ರಿಟರ್ನ್ ಹಾಕಿದರೆ ಆ ದಿನವೇ ಕೊನೆ.

ಇನ್ನೊಂದು ಜಿಎಸ್‌ಟಿ ಎಚ್ಚರಿಕೆ. ಮಾಲನ್ನು ಎಸೆದರೆ, ಪುಸ್ತಕದಿಂದ ರೈಟ್ ಆಫ್ ಮಾಡಿದರೆ, ಫ್ರೀಯಾಗಿ ಕೊಟ್ಟರೆ ಅದರ ಮೇಲೆ ತಗೊಂಡ ಐಟಿಸಿ, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಯ ಹೊಂದಾಣಿಕೆ, ವಾಪಸ್ ಕಟ್ಟಬೇಕು. ನಷ್ಟಕ್ಕೆ ಮಾರಿದರೆ ಸಾಮಾನ್ಯವಾಗಿ ಆ ತೊಂದರೆ ಇಲ್ಲ, ಮಾರಿದ ಬೆಲೆಗೆ ತೆರಿಗೆ ಹಾಕಿ ಬಿಲ್ ಮಾಡಿದರೆ ಆಯಿತು. ಹಾಗಾಗಿ ಎಸೆಯುವ ಮುಂಚೆ ಒಂದು ಮಾತು ಆಡಿಟರ್ ಹತ್ತಿರ ಕೇಳಿ.

"ಅಸಲಾದರೂ ಬರಲಿ" ಎಂದು ಕಾಯುವವರೇ ಜಾಸ್ತಿ. ವರ್ಷಕ್ಕೆ 18% ಲೆಕ್ಕದಲ್ಲಿ ಎರಡು ವರ್ಷ ಕಾದರೆ 36% ಹೋಯಿತು. ಇವತ್ತೇ 25% ಇಳಿಸಿ ಮಾರಿದರೆ ಲಾಭ. ಸಾಲ್ವೆಂಟ್ ಸಿಮೆಂಟ್ ಡಬ್ಬದಲ್ಲೇ ಗಟ್ಟಿಯಾದರೆ, ರಬ್ಬರ್ ರಿಂಗ್ ಒಣಗಿ ಬಿರುಕು ಬಿಟ್ಟರೆ ಅಷ್ಟೂ ಬರುವುದಿಲ್ಲ. ಇವೆರಡರಲ್ಲಿ ಮೊದಲು ಬಂದದ್ದು ಮೊದಲು ಹೋಗುವಂತೆ ಹೊಸ ಮಾಲನ್ನು ಹಿಂದೆ ಇಡಿ.

9. ಸೀಸನ್ ಮತ್ತು ಬ್ಯಾಂಕ್

ಬೋರ್‌ವೆಲ್ ಪಂಪಿಗೆ ಫೆಬ್ರವರಿಯಿಂದ ಮೇ ಜೋರು. ರೀಆರ್ಡರ್ ಲೆವೆಲ್ಲನ್ನು ವರ್ಷಪೂರ್ತಿ ಒಂದೇ ಇಡಬೇಡಿ. ಜನವರಿಯಲ್ಲಿ ಏರಿಸಿ, ಏಪ್ರಿಲ್ ಮಧ್ಯದಿಂದಲೇ ಇಳಿಸುತ್ತಾ ಬನ್ನಿ. ಮೇ ಕೊನೆಯಲ್ಲಿ ಒಂದೆರಡು ಪಂಪ್ ತಪ್ಪಿಹೋದರೂ ಪರವಾಗಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಉಳಿದ ಪಂಪ್ ಮುಂದಿನ ಬೇಸಿಗೆವರೆಗೂ ಕೂತಿರುತ್ತದೆ.

ಹಿಂದಿನ ವರ್ಷದ ಸೀಸನ್ ಒಂದನ್ನೇ ನಂಬಬೇಡಿ. 2023ರಲ್ಲಿ ರಾಜ್ಯದಲ್ಲಿ ಬರ ಬಿತ್ತು, 2024ರ ಬೇಸಿಗೆಯಲ್ಲಿ ಎಲ್ಲೆಲ್ಲೂ ನೀರಿನ ಪರದಾಟ. ಅದೇ 2024ರಲ್ಲಿ ಮುಂಗಾರು ಚೆನ್ನಾಗಿ ಸುರಿಯಿತು. 2024ರ ಸೇಲ್ ನೋಡಿ 2025ಕ್ಕೆ ಪಂಪ್ ತುಂಬಿದವರ ಲೆಕ್ಕ ತಪ್ಪುವುದು ಸಹಜ. ಮೂರು ವರ್ಷದ ಸರಾಸರಿ ತೆಗೆದು, ಆ ವರ್ಷದ ಅಂತರ್ಜಲ ನೋಡಿ ಹೆಚ್ಚುಕಮ್ಮಿ ಮಾಡಿ. ಬೋರ್‌ವೆಲ್ ಏಜೆಂಟರಿಗೆ ಜನವರಿಯಲ್ಲೇ ಅಂದಾಜು ಇರುತ್ತದೆ, ಅವರನ್ನೇ ಕೇಳಿ.

ಸಿಸಿ ಲಿಮಿಟ್ (ಸ್ಟಾಕ್ ಅಡವಿಟ್ಟು ತಗೊಳ್ಳುವ ಓವರ್‌ಡ್ರಾಫ್ಟ್‌ನಂಥ ಸಾಲ) ಇರುವವರಿಗೆ ಒಂದು ಭಯ ಇರುತ್ತದೆ. ಸ್ಟಾಕ್ ಇಳಿದರೆ ಡ್ರಾಯಿಂಗ್ ಪವರ್, ಅಂದರೆ ಬ್ಯಾಂಕ್ ಎಷ್ಟು ಎತ್ತಲು ಬಿಡುತ್ತದೋ ಆ ಮೊತ್ತ, ಇಳಿಯುತ್ತದೆ. ಇದು ನಿಜ. ಆದರೆ ಬ್ಯಾಂಕಿನವರು ನೀವು ಇನ್ನೂ ದುಡ್ಡು ಕೊಡದ ಸ್ಟಾಕನ್ನು, ಅಂದರೆ ಸಪ್ಲೈಯರ್ ಬಾಕಿಯನ್ನು, ಕಳೆದೇ ಲೆಕ್ಕ ಹಾಕುತ್ತಾರೆ. ತೀರಾ ಹಳೇ ಸ್ಟಾಕನ್ನು ಸಾಮಾನ್ಯವಾಗಿ ಹಿಡಿಯುವುದಿಲ್ಲ. ಎಷ್ಟು ದಿನದವರೆಗೆ ಹಿಡಿಯುತ್ತಾರೆ ಎನ್ನುವುದು ನಿಮ್ಮ ಸ್ಯಾಂಕ್ಷನ್ ಲೆಟರಿನಲ್ಲೇ (ಸಾಲ ಮಂಜೂರಾತಿ ಪತ್ರ) ಇದೆ. ಹಾಗಾಗಿ ಡೆಡ್ ಸ್ಟಾಕ್ ಮಾರಿ ಬಂದ ದುಡ್ಡನ್ನು ಬೇರೆ ಕಡೆ ತಿರುಗಿಸಬೇಡಿ, ನೇರ ಸಿಸಿ ಅಕೌಂಟಿಗೇ ಹಾಕಿ. ಡ್ರಾಯಿಂಗ್ ಪವರ್ ಇಳಿದರೂ ಸಾಲದ ಬಾಕಿ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಇಳಿದಿರುತ್ತದೆ. ತಿಂಗಳ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಮಾತ್ರ ನಿಜವಾದ ಅಂಕಿಯನ್ನೇ ಬರೆಯಿರಿ. ಬ್ಯಾಂಕಿನ ಸ್ಟಾಕ್ ಆಡಿಟ್‌ಗೆ ಬಂದವರು ಗೋಡೌನಿನಲ್ಲಿ ಎಣಿಸಿಯೇ ಹೋಗುತ್ತಾರೆ.